ಅರಳೆ ಮಾವನ ಏಳು ಮಿಲಿಮೀಟರ್

ನಮ್ಮ ಮಾವನಿಗೆ ಪೇಟೆಯಲ್ಲಿ ಅರಳೆ ಮಾವ ಎಂದೇ ಹೆಸರು. ಅಮ್ಮನ ತಮ್ಮನಾದ್ದರಿಂದ ನನ್ನೊಬ್ಬಳಿಗೆ ಮಾವನಾಗಬೇಕಿದ್ದವನು ಇಡೀ ಬೀದಿಗೇ ಮಾವನಾಗಿದ್ದಾನೆ. ಹಾಸಿಗೆ ಅಂಗಡಿ ಅವನದು. ಹಿಂದಿನ ಕೋಣೆಯಲ್ಲಿ ಹತ್ತಿ ಬಿಡಿಸುವ ಯಂತ್ರ. ಮುಂದಿನ ಕೋಣೆಯಲ್ಲಿ ಸೂರು ಮುಟ್ಟುವಂತೆ ಪೇರಿಸಿದ ಹಾಸಿಗೆ, ದಿಂಬು, ರಜಾಯಿ. ಅವುಗಳ ಸಂದಿಯಲ್ಲೊಂದು ಸ್ಟೂಲು. ಸ್ಟೂಲಿನ ಮೇಲೆ ಮಾವ. ಬೆಳಗಿನ ಬಿಸಿಲು ಬಾಗಿಲಿನಿಂದ ಓರೆಯಾಗಿ ಬಿದ್ದಾಗ ಗಾಳಿಯಲ್ಲಿ ಹತ್ತಿಯ ಎಳೆಗಳು ತೇಲುವುದು ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವು ಮಾವನ ಹುಬ್ಬು, ಮೀಸೆ, ಕಿವಿಯ ಅಂಚುಗಳ ಮೇಲೆ ಇಳಿದು ಕೂತಿರುತ್ತವೆ. ಹೊಸಬರು ಅವನಿಗೆ ಹೆಚ್ಚು ವಯಸ್ಸು ಕೊಡುವುದು ಅದಕ್ಕೇ.

ಇಷ್ಟು ದಪ್ಪದ ನಡುವೆ ಬದುಕುವ ಮನುಷ್ಯ ತಾನು ಮಾತ್ರ ಕಡ್ಡಿ ಪೈಲ್ವಾನ. ಗಾಳಿ ಜೋರಾದ ದಿನ ಅವನು ಛತ್ರಿ ಬಿಚ್ಚಬಾರದು ಎಂದು ಎದುರಿನ ಗಡಿಯಾರ ರಿಪೇರಿಯವನು ಹೇಳುತ್ತಾನೆ. ಮೈಯಲ್ಲಿ ಇಲ್ಲದ ದಪ್ಪವನ್ನು ಮಾವ ಲೋಕದಲ್ಲಿ ಹುಡುಕುತ್ತಾನೆ. ಯಾವ ವಸ್ತು ಕೈಗೆ ಸಿಕ್ಕರೂ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಒತ್ತುತ್ತಾನೆ. ಬ್ರೆಡ್ಡನ್ನು ಒತ್ತುತ್ತಾನೆ, ಮದುವೆ ಕಾಗದವನ್ನು ಒತ್ತುತ್ತಾನೆ, ಮಾತಾಡುತ್ತ ಮಾತಾಡುತ್ತ ಎದುರಿನವರ ಅಂಗಿಯ ತೋಳನ್ನೂ ಒತ್ತುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅವನ ಪ್ರಕಾರ ಯಾರೋ ಅಂಗಡಿ ಮುಚ್ಚಿಸಲು ಕಟ್ಟಿದ ಮಾತು. ಕಾಲು ಎಷ್ಟಿದೆಯೋ ಅಷ್ಟು ಹಾಸಿಗೆ ಮಾಡಿಸಿಕೊಂಡರಾಯಿತು, ಅಳತೆ ತಾನೇ ತೆಗೆದುಕೊಡುತ್ತೇನೆ ಎಂದು ಗಿರಾಕಿಗಳಿಗೆ ಹೇಳುತ್ತಾನೆ.

ಇನ್ನು ಚಳಿ. ಊರೆಲ್ಲ ಬೆವರಿ ಕೂತಿರುವಾಗ ಮಾವನ ಅಂಗಡಿಯ ಫ್ಯಾನು ನಿಂತಿರುತ್ತದೆ. ಸ್ನಾನದ ನೀರು ಬಿಸಿಯಿದೆ ಎಂದು ಯಾರು ಹೇಳಿದರೂ ಅವನು ನಂಬುವುದಿಲ್ಲ. ಮೊದಲು ಕಿರುಬೆರಳು ಅದ್ದಿ, ಆಮೇಲೆ ಅಂಗೈ ಅದ್ದಿ, ಮತ್ತೆ ಒಲೆ ಹಚ್ಚುತ್ತಾನೆ.

ಇಂಥವನ ಹೆಂಡತಿ ನೀರಿನವಳು. ಅತ್ತೆ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಮೂರು ವರ್ಷದಿಂದ, ಸಮುದ್ರ ಶಾಂತವಾಗಿರುವ ತಿಂಗಳುಗಳಲ್ಲಿ, ಭಾನುವಾರ ಬಂದರಿನಿಂದ ಹೊರಡುವ ಡೈವಿಂಗ್ ದೋಣಿಯಲ್ಲೂ ಅವಳಿಗೆ ಕೆಲಸ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಹೊಸಬರ ಕೈಹಿಡಿದು ಕೆಳಗೆ ಕರೆದೊಯ್ದು, ಮೀನು, ಹವಳ ತೋರಿಸಿ, ಮತ್ತೆ ಮೇಲೆ ತಂದು ಬಿಡುವುದು. ಮಾವ ನೂರು ಮಾತಾಡುವ ಜಾಗದಲ್ಲಿ ಅತ್ತೆಯದು ಒಂದು ಮಾತು, ಅದೂ ಅರ್ಧ.

ಅವಳ ಒಂದು ಗುಣ ನಮ್ಮ ಮನೆಯವರಿಗೆಲ್ಲ ಗೊತ್ತು. ಅವಳು ಯಾವುದನ್ನೂ ಮೂರು ಸಲಕ್ಕಿಂತ ಹೆಚ್ಚು ಕೇಳುವುದಿಲ್ಲ. ಮದುವೆಯಾದ ಹೊಸತರಲ್ಲಿ ಚದುರಂಗದ ಮಣೆ ಕೊಂಡು ತಂದು, ಆಡೋಣ ಬನ್ನಿ ಎಂದು ಮಾವನನ್ನು ಕರೆದಳಂತೆ. ಮಾವ ನಾಳೆ ಎಂದ. ಎರಡನೇ ಸಲ ಮುಂದಿನ ವಾರ ಎಂದ. ಮೂರನೇ ಸಲ ಗಿರಾಕಿ ಬಂದಿದ್ದಾರೆ ಎಂದ. ಅಲ್ಲಿಗೆ ಮುಗಿಯಿತು. ಅತ್ತೆ ಸಿಟ್ಟಾಗಲಿಲ್ಲ. ಅಂಚೆಯಣ್ಣನಿಗೆ ಆಟ ಕಲಿಸಿದಳು. ಇವತ್ತಿಗೂ ಶನಿವಾರ ಸಂಜೆ ಅಂಚೆಯಣ್ಣ ಬಂದು ಅತ್ತೆಯ ಎದುರು ಕೂರುತ್ತಾನೆ. ಮಾವ ಚಹಾ ತಂದುಕೊಟ್ಟು, ಹಿಂದೆ ನಿಂತು, ಕುದುರೆ ನಡೆಸಿ ಕುದುರೆ ನಡೆಸಿ ಎಂದು ಸಲಹೆ ಕೊಡುತ್ತಾನೆ. ಇಬ್ಬರೂ ತಲೆ ಎತ್ತುವುದಿಲ್ಲ.

ಸಮುದ್ರದ ಕೆಳಗೆ ಒಮ್ಮೆ ಬನ್ನಿ ಎಂದು ಅತ್ತೆ ಮೊದಲ ವರ್ಷ ಕರೆದಳು. ಮಾವನಿಗೆ ನೆಗಡಿ. ಎರಡನೇ ವರ್ಷ ಕರೆದಳು. ನೆಗಡಿ ಬರುವ ಲಕ್ಷಣ. ಈ ವರ್ಷ, ಮಳೆಗಾಲಕ್ಕೆಂದು ದೋಣಿಗಳನ್ನು ದಡಕ್ಕೆಳೆಯಲು ಇನ್ನೊಂದು ತಿಂಗಳು ಇರುವಾಗ, ಪಾತ್ರೆ ಒರೆಸುತ್ತ ಮೂರನೇ ಸಲ ಕರೆದಳು. ಮಾವ ನನ್ನ ಮುಖ ನೋಡಿದ. ರಜೆಗೆಂದು ಅವರ ಮನೆಗೆ ಹೋಗಿದ್ದ ನಾನು ಅಂಚೆಯಣ್ಣನನ್ನು ನೆನೆಸಿಕೊಂಡೆ. ಮಾವನೂ ಅವನನ್ನೇ ನೆನೆಸಿಕೊಂಡಿರಬೇಕು.

“ಬರ್ತೀನಿ,” ಅಂದ.

ಮುಂದಿನ ವಾರಗಳಲ್ಲಿ ಅತ್ತೆ ಅವನಿಗೆ ಈಜುಕೊಳದಲ್ಲೇ ಪಾಠ ಮಾಡಿದಳು. ರಬ್ಬರಿನ ತುಂಡನ್ನು ಹಲ್ಲಲ್ಲಿ ಕಚ್ಚಿ ಸಿಲಿಂಡರಿನ ಗಾಳಿ ಎಳೆಯುವುದು, ಮಾಸ್ಕಿನೊಳಗೆ ನೀರು ಬಂದರೆ ಮೂಗಿನಿಂದ ಊದಿ ತಳ್ಳುವುದು, ಹೆದರಿಕೆಯಾದರೆ ಕೈಸನ್ನೆ ಮಾಡುವುದು. ಮಾವ ಎಲ್ಲ ಕಲಿತ. ನಡುಗುತ್ತ ಕಲಿತ. ಹಲ್ಲು ಕಟಕಟ ಎನ್ನುವುದು ನೀರಿನೊಳಗೂ ಕೇಳಿಸುತ್ತದೆಂದು ಕೊಳದ ಮಕ್ಕಳು ಕಂಡುಹಿಡಿದರು. ಸಮುದ್ರ ಹೀಗಿಲ್ಲ, ಅಲ್ಲಿ ನೀರು ಬೆಚ್ಚಗಿರುತ್ತದೆ ಎಂದು ಅತ್ತೆ ಹೇಳಿದಳು. ಮೇಲೆ ಬೆಚ್ಚಗಿದ್ದರೆ ಕೆಳಗೆ ತಣ್ಣಗಿರಲೇಬೇಕು, ಬಾವಿ ನೋಡಿಲ್ಲವೇ ಎಂದು ಮಾವ ವಾದಿಸಿದ. ಅತ್ತೆ ವಾದಿಸಲಿಲ್ಲ.

“ಮಾಸ್ಕು, ಕಾಲಿಗೆ ಹಾಕೋ ಫಿನ್ನು ಮಾತ್ರ ನಿಮ್ಮ ಅಳತೆಗೆ ತಗೊಳ್ಳಿ,” ಅಂದಳು. “ಮೈಗೆ ಹಾಕೋ ರಬ್ಬರ್ ಸೂಟು ದೋಣಿಯಲ್ಲೇ ಇರುತ್ತೆ. ತೆಳುವಾದದ್ದು ಸಾಕು.”

ತೆಳು ಎಂಬುದು ಆ ಮನೆಯಲ್ಲಿ ಬೈಗುಳ. ಮಾವ ಮರುದಿನವೇ ನನ್ನ ಸ್ಕೂಟರಿನ ಹಿಂದೆ ಕೂತು ಬಂದರಿನ ಅಂಗಡಿಗೆ ಹೊರಟ. ಯಾಕೆ ಇಷ್ಟು ಅವಸರ ಎಂದರೆ, ಮಾಸ್ಕು ಕೊಳ್ಳಲು ಎಂದ.

ಡೈವಿಂಗ್ ಸಾಮಾನಿನ ಆ ಅಂಗಡಿ ಮೀನು ಬಲೆಯ ಗೋದಾಮಿನ ಪಕ್ಕದಲ್ಲಿ, ಉದ್ದಕ್ಕೆ, ರೈಲು ಡಬ್ಬಿಯ ಹಾಗೆ ಇತ್ತು. ಒಳಗೆ ಹೊಸ ರಬ್ಬರಿನ ವಾಸನೆ. ಅಂಗಡಿಯಾಕೆ ನಡುವಯಸ್ಸಿನವಳು, ತೋಳಿಗೆ ಅಳತೆ ಟೇಪು ಸುತ್ತಿಕೊಂಡಿದ್ದಳು. ಮಾಸ್ಕನ್ನು ಪಟ್ಟಿ ಹಾಕದೆ ಬರಿದೇ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಬೇಕು, ಕೈಬಿಟ್ಟರೂ ಅದು ಬೀಳದಿದ್ದರೆ ಅದೇ ನಿಮ್ಮ ಮಾಸ್ಕು ಎಂದು ವಿವರಿಸಿದಳು. ಮಾವ ಉಸಿರೆಳೆದ. ಮಾಸ್ಕು ಬಿತ್ತು. ಇನ್ನೊಂದು ಕೊಟ್ಟಳು. ಅದೂ ಬಿತ್ತು. ಐದನೆಯದೂ ಬಿದ್ದ ಮೇಲೆ ಆಕೆ ಮಾವನ ಮೀಸೆಯನ್ನು ಬಹಳ ಮರ್ಯಾದೆಯಿಂದ ನೋಡಿದಳು.

“ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಬೇಕಾಗುತ್ತೆ ಸರ್. ಕೂದಲಿನ ಸಂದಿಯಿಂದ ನೀರು ಬರುತ್ತೆ.”

ಮಾವ ಸಂದಿಗೆ ಸ್ವಲ್ಪ ಹತ್ತಿ ಇಟ್ಟುಕೊಂಡರೆ ಆಗದೇ ಎಂದು ವಿಚಾರಿಸಿದ. ಆಗುವುದಿಲ್ಲ ಎಂದಳು. ಫಿನ್ನು ಕೊಳ್ಳುವಾಗ ಒಳಗೆ ಹಾಕಿಕೊಳ್ಳಲು ದಪ್ಪ ಬೂಟು ಬೇಕೆಂದ. ಬೆಚ್ಚನೆಯ ನೀರಿಗೆ ಬರಿಗಾಲಿಗೇ ತೊಡುವ ಚಪ್ಪಲಿಯಂಥ ಫಿನ್ನು ಸಾಕು, ಬೂಟು ಹೊರೆ ಎಂದಳು. ಮಾವ ಫಿನ್ನಿನ ಅಂಚನ್ನು ಒತ್ತಿ ನೋಡಿ ಮನಸ್ಸಿಲ್ಲದೆ ಒಪ್ಪಿದ. ಅಷ್ಟರಲ್ಲಿ ಅವನ ಕಣ್ಣು ಮೂಲೆಗೆ ಹೋಯಿತು.

ಮೂಲೆಯಲ್ಲಿ ಒಂದು ಕರಿಯ ಸೂಟು, ತಲೆಯಿಲ್ಲದ ಮನುಷ್ಯನ ಹಾಗೆ ತಾನೇ ತಾನಾಗಿ ನಿಂತಂತೆ ತೂಗುತ್ತಿತ್ತು. ಮಾವ ನಿದ್ದೆಯಲ್ಲಿ ನಡೆದವನಂತೆ ಹೋಗಿ ಅದರ ತೋಳನ್ನು ಒತ್ತಿದ. ಒತ್ತಿ ಬಿಟ್ಟ. ಅದು ಮೆಲ್ಲಗೆ ಉಬ್ಬಿ ಮೊದಲಿನಂತಾಯಿತು. ಮಾವನ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಆವರೆಗೆ ಕಂಡಿರಲಿಲ್ಲ.

“ಎಷ್ಟು ದಪ್ಪ ಇದು?”

“ಏಳು ಮಿಲಿಮೀಟರ್,” ಎಂದಳು ಅಂಗಡಿಯಾಕೆ. “ಅದು ನಿಮಗೆ ಬೇಡ ಸರ್.”

ಇಲ್ಲೊಂದು ವ್ಯಾಪಾರದ ಗುಟ್ಟು ಹೇಳಬೇಕು. ಮಾವನ ಅಂಗಡಿಯ ಅತಿ ಒಳ್ಳೆಯ ಹಾಸಿಗೆಯನ್ನು ಅವನು ಎಂದೂ ಮುಂದೆ ಇಡುವುದಿಲ್ಲ. ಒಳಗೆ, ಗೋಡೆಗೆ ಒರಗಿಸಿರುತ್ತಾನೆ. ಗಿರಾಕಿಯ ಕಣ್ಣು ಅಲ್ಲಿಗೆ ಹೋಯಿತೋ, “ಅದು ನಿಮಗೆ ಬೇಡ ಬಿಡಿ” ಎನ್ನುತ್ತಾನೆ. ಹಾಗೆಂದ ಮೇಲೆ ಅದನ್ನು ಬಿಟ್ಟುಹೋದವರು ಕಡಿಮೆ. ಈ ವಿದ್ಯೆ ತನ್ನೊಬ್ಬನಿಗೇ ಗೊತ್ತಿರುವುದೆಂದು ಅವನು ತಿಳಿದಿದ್ದ. ಈಗ ಎದುರಿಗೆ ಅದೇ ವಿದ್ಯೆ, ಅವನದೇ ಮಾತಿನಲ್ಲಿ, ಅವನ ಮೇಲೆಯೇ.

ಅಂಗಡಿಯಾಕೆ ಪಾಪ, ಉಳಿದದ್ದನ್ನೂ ಹೇಳಿದಳು. ಚಳಿ ಸಮುದ್ರದ ಊರಿನವನೊಬ್ಬ ಬಿಟ್ಟುಹೋದ ಸೂಟು ಅದು. ನಮ್ಮ ನೀರಿಗೆ ಎರಡು ಮಿಲಿಮೀಟರಿನ ಸೂಟೇ ಹೆಚ್ಚು, ಕೆಲವರು ಬರಿಯ ತುಂಬುತೋಳಿನ ಈಜಂಗಿಯಲ್ಲೇ ಇಳಿಯುತ್ತಾರೆ. ಇದನ್ನು ಹಾಕಿಕೊಂಡರೆ ದೋಣಿಯಲ್ಲೇ ಬೆಂದುಹೋಗುತ್ತೀರಿ, ನೀರಿಗೆ ಬಿದ್ದರೆ ಬೆಂಡಿನ ಹಾಗೆ ತೇಲುತ್ತೀರಿ. ಒಂದೊಂದು ಮಾತಿಗೂ ಮಾವ ತಲೆದೂಗಿದ. ಸಂಗೀತ ಕೇಳುವವರು ತೂಗುವ ಹಾಗೆ. ನನ್ನ ಕಿವಿಯ ಬಳಿ ಬಗ್ಗಿದ.

“ಎಂಥಾ ವ್ಯಾಪಾರ ನೋಡು. ಒಂದು ಮಾತಾದ್ರೂ ಹೊಗಳಿದಳಾ?”

“ಮಾವ, ಅವರು ನಿಜವಾಗ್ಲೂ ಬೇಡ ಅಂತಿದ್ದಾರೆ.”

“ನಾನೂ ನಿಜವಾಗ್ಲೂ ಬೇಡ ಅಂತೀನಿ. ಆಮೇಲೆ ಗಾಡಿಗೆ ಹೇರಿ ಕಳಿಸ್ತೀನಿ.”

ಸೂಟು ಕಟ್ಟಿಸಿಕೊಂಡು ಹೊರಡುವಾಗ ಆಕೆ ಬಾಗಿಲವರೆಗೂ ಬಂದಳು. ಯಾವಾಗ ಬೇಕಾದರೂ ತನ್ನಿ ಸರ್, ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಸ್ಕೂಟರು ತಿರುವು ದಾಟಿತು. ಮಾವ ನನ್ನ ಬೆನ್ನಿಗೆ ಹೇಳಿದ: “ವಾಪಸ್ ತಗೊಳ್ತಾಳಂತೆ. ಮಾಲಿನ ಮೇಲೆ ಎಷ್ಟು ಧೈರ್ಯ ಇರಬೇಕು ಹೇಳು.”

ಸೂಟಿನ ವಿಷಯ ಅತ್ತೆಗೆ ಗೊತ್ತಾಗಬಾರದು, ದೋಣಿಯ ದಿನವೇ ಕಾಣಬೇಕು ಎಂದು ಅಪ್ಪಣೆಯಾಯಿತು. ಅತ್ತೆ ಕೊಳಕ್ಕೆ ಹೋಗಿದ್ದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ತೊಟ್ಟು ನೋಡುವ ಕಾರ್ಯಕ್ರಮ. ಕಾಲು ಜಾರಲೆಂದು ಪುಡಿ ಉದುರಿಸಿ, ನಾನು ಈಚೆಯಿಂದ ಎಳೆದು, ಅವನು ಆಚೆಯಿಂದ ತುಳಿದು, ಅಂತೂ ಒಳಗೆ ಹೋದ. ಬೆನ್ನಿಗೆ ಬರಬೇಕಾದ ಜಿಪ್ಪು ಎದೆಗೆ ಬಂದಿತ್ತು. ಬಿಚ್ಚಿ ತಿರುಗಿಸಿ ಹಾಕೋಣ ಎಂದರೆ ಜಿಪ್ಪಿನಲ್ಲಿ ಒಂದು ಹಿಡಿ ಹತ್ತಿ ಸಿಕ್ಕಿಕೊಂಡಿತ್ತು. ಇಕ್ಕಳ ತರಲು ನಾನು ಗಡಿಯಾರ ರಿಪೇರಿಯವನ ಹತ್ತಿರ ಓಡಿದೆ.

ಬರುವಷ್ಟರಲ್ಲಿ ಅಂಗಡಿಗೆ ಮೇಷ್ಟರು ಬಂದಿದ್ದರು. ಗಿರಾಕಿಯನ್ನು ಕಾಯಿಸಿ ಗೊತ್ತಿಲ್ಲದ ಮಾವ ಹಾಗೆಯೇ ಮುಂದೆ ಬಂದು ಸ್ಟೂಲಿನ ಮೇಲೆ ಕೂತಿದ್ದ. ಕಾಲು ಮಡಚಲು ಬಾರದೆ ಎರಡೂ ಮುಂದಕ್ಕೆ ಚಾಚಿದ್ದವು. ಕುತ್ತಿಗೆಯಿಂದ ಪಾದದವರೆಗೆ ಕರಿಯ ರಬ್ಬರು, ಅದರ ಮೇಲೆ ಅಲ್ಲಲ್ಲಿ ಬಿಳಿ ಹತ್ತಿ. ಮಾವ ಬಹಳ ಸಹಜವಾಗಿ, ದಿಂಬು ಗಟ್ಟಿಯದು ಬೇಕೋ ಮೆತ್ತನೆಯದೋ ಎಂದು ಕೇಳಿದ. ಮೇಷ್ಟರು ಯಾವುದಾದರೂ ಆಗಲಿ ಎಂದು, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು, ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಇಳಿದುಹೋದರು.

ಸಂಜೆ ಅತ್ತೆ ಬಂದು ಚೀಲ ಕೆಳಗಿಟ್ಟಳು.

“ನಿಮಗೆ ಮೈಗೆಲ್ಲ ಪಟ್ಟಿ ಹಾಕಿದ್ದಾರಂತೆ. ಚರ್ಮದ ಕಾಯಿಲೆಯಂತೆ. ಕೊಳಕ್ಕೆ ಬಂದವರೆಲ್ಲ ವಿಚಾರಿಸ್ಕೊಂಡು ಹೋದರು.”

“ಜನಕ್ಕೆ ಮಾಡೋಕೆ ಕೆಲಸ ಇಲ್ಲ,” ಎಂದ ಮಾವ, ಪತ್ರಿಕೆಯನ್ನು ಮುಖಕ್ಕೆ ಹಿಡಿದು.

ದೋಣಿಯ ಕೊನೆಯ ಭಾನುವಾರ ಬಂತು. ಮಾರನೆಯ ದಿನದಿಂದ ಗಾಳಿ ತಿರುಗುತ್ತದೆ, ದೋಣಿಗಳು ದಡ ಸೇರುತ್ತವೆ. ಬೆಳಿಗ್ಗೆ ಮಾವ ಬಚ್ಚಲಿನಿಂದ ಹೊರಬಂದಾಗ ಮೂಗಿಗೂ ಮೀಸೆಗೂ ನಡುವೆ ಒಂದು ಬಿಳಿ ಗೆರೆ ಕಾಣಿಸಿತು. ಬುಡ ತಪ್ಪಿದ ಮೀಸೆ ತುಟಿಯ ಮೇಲೆ ಬಾಡಿಗೆಗೆ ಕೂತಂತಿತ್ತು. ಅತ್ತೆ ನೋಡಿದಳು. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಹಿಂದಿನ ವಾರವೇ ಮಾವ ತನಗೆ ಸೂಟಿನ ವ್ಯವಸ್ಥೆ ಆಗಿದೆ ಎಂದಿದ್ದರಿಂದ, ದೋಣಿಯಲ್ಲಿ ಅವನಿಗೆಂದು ಇಟ್ಟಿದ್ದ ತೆಳು ಸೂಟನ್ನು ಅವಳು ಬೇರೆಯವರಿಗೆ ಕೊಟ್ಟಿದ್ದಳು.

ಅತ್ತೆ ಮುಂಚೆ ಹೋಗಿದ್ದಳು. ನಾವು ಬಂದರು ಮುಟ್ಟಿದಾಗ ಬಿಸಿಲು ಏರಿತ್ತು. ಮಾವ ದೋಣಿಯಲ್ಲಿ ಜಾಗ ಸಾಲದೆಂದು ಬಲೆ ಗೋದಾಮಿನ ನೆರಳಲ್ಲೇ ಸೂಟು ತೊಟ್ಟ, ಈ ಸಲ ಜಿಪ್ಪು ಬೆನ್ನಿಗೆ. ತೊಟ್ಟು ದೋಣಿಯವರೆಗೆ ನಡೆದ. ತೋಳು ಮೈಗೆ ತಾಗದೆ, ತೊಡೆ ತೊಡೆಗೆ ತಾಗಿ ಕಿರ್ ಕಿರ್ ಎನ್ನುತ್ತ, ಮುಖ ಮೆಣಸಿನಕಾಯಿಯಂತಾಗಿ. ದೋಣಿಯವನು ಅವನನ್ನು ನೋಡಿ ಬೀಡಿ ಬಾಯಿಂದ ತೆಗೆದ.

“ಸಾಹುಕಾರ್ರೇ, ನೀವೇನಾ ಒಳಗಿರೋದು?”

ಅತ್ತೆ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದವಳು ತಿರುಗಿದಳು. ಮಾವ ತೋಳು ಅಗಲಿಸಿ ನಿಂತ. ಅಗಲಿಸದೆ ನಿಲ್ಲಲು ಆಗುತ್ತಲೂ ಇರಲಿಲ್ಲ. ದೋಣಿಯಲ್ಲಿ ಇನ್ನೂ ಆರು ಜನ ಹೊಸಬರಿದ್ದರು. ಅವರೆದುರು ಅವಳೇನೂ ಹೇಳುವವಳಲ್ಲ.

ಹವಳದ ಜಾಗ ಮುಟ್ಟುವವರೆಗೆ ದೋಣಿಯವನು ಮಾವನ ಸೂಟಿನ ಕುತ್ತಿಗೆಯೊಳಗೆ ತಂಬಿಗೆಯಿಂದ ನೀರು ಹೊಯ್ಯುತ್ತಲೇ ಇದ್ದ. ಅತ್ತೆಯೂ ಅವಳ ಜೊತೆಯ ಗೈಡೂ ಉಳಿದವರನ್ನು ಕೆಳಗೆ ತೋರಿಸಿಕೊಂಡು ಬಂದರು. ಕೊನೆಗೆ ಮಾವನ ಸರದಿ. ಅವನು ಬೆನ್ನು ಹಿಂದಾಗಿ ಬಿದ್ದ. ಬಿದ್ದವನು ಅಲ್ಲೇ ಉಳಿದ. ನೀರು ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅತ್ತೆ ಅವನು ಸೂಟಿನ ಮೇಲೆ ತೊಟ್ಟಿದ್ದ ತೇಲುವ ಜಾಕೆಟ್ಟಿನ ಗಾಳಿ ತೆಗೆದಳು, ಸೊಂಟದ ಪಟ್ಟಿಗೆ ಸೀಸದ ತುಂಡು ಸೇರಿಸಿದಳು. ಮಾವ ತೇಲಿದ. ಇನ್ನೆರಡು ಸೇರಿಸಿದಳು. ಸೊಂಟ ಮುಳುಗಿ ಕಾಲು ಮೇಲೆ ಬಂತು. ಕಾಲಿಗೆ ಕಟ್ಟಿದರೆ ತಲೆ ಮೇಲೆ. ದೋಣಿಯವನು ಲಂಗರಿನ ಕಡೆ ನೋಡಿ, ಅಕ್ಕ ಹೇಳಿದರೆ ಅದನ್ನೂ ಕೊಡುತ್ತೇನೆ ಎಂದ. ಮೀನು ನೋಡಿ ಬಂದಿದ್ದ ಹೊಸಬರೆಲ್ಲ ಈ ಕಡೆಯ ಅಂಚಿಗೆ ಬಂದು ಕೂತದ್ದರಿಂದ ದೋಣಿಯೇ ವಾಲಿತು.

“ಸಾಕು,” ಎಂದಳು ಅತ್ತೆ. “ಇಷ್ಟು ಸೀಸ ಕಟ್ಟಿ ನಾನು ಯಾರನ್ನೂ ಕೆಳಗೆ ಕರ್ಕೊಂಡು ಹೋಗಲ್ಲ. ಅಪಾಯ.”

ಮಾವನನ್ನು ಏಣಿಯ ಮೇಲೆ ಹತ್ತಿಸಿದೆವು. ಅವನ ಸೂಟಿನಿಂದ ನೀರು ಸುರಿಯುತ್ತಿತ್ತು. ಅತ್ತೆ ಅವನ ಎದುರು ಹಲಗೆಯ ಮೇಲೆ ಕೂತಳು.

“ಇದನ್ನ ತಗೊಳ್ಳಿ ಅಂತ ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ. ಅಂಗಡಿಯವಳು ಬೇಡ ಅಂದಳು. ಅದಕ್ಕೇ ತಗೊಂಡೆ.”

ಅವಳಿಗೆ ಅದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮಾವನ ಅಂಗಡಿಯ ಗೋಡೆಗೊರಗಿದ ಹಾಸಿಗೆ ಅವಳಿಗೆ ಗೊತ್ತಿಲ್ಲದ್ದೇನಲ್ಲ.

“ತೆಳುವಾದದ್ದು ಸಾಕು ಅಂತ ನಾನೂ ಹೇಳಿದ್ದೆ,” ಎಂದಳು. “ನಾನೂ ವ್ಯಾಪಾರ ಮಾಡ್ತಿದ್ದೆನಾ?”

ಮಾವನ ಬೋಳಿಸಿದ ಗೆರೆಯ ಮೇಲೆ ಬೆವರೋ ಸಮುದ್ರವೋ ಇಳಿಯುತ್ತಿತ್ತು. ಒರೆಸಿಕೊಳ್ಳಲು ತೋಳು ಮಡಚಲಾರದೆ ಹಾಗೇ ಕೂತಿದ್ದ.

“ನೀರು ಬೆಚ್ಚಗಿದೆ. ಕೆಳಗೂ ಬೆಚ್ಚಗಿದೆ. ನಂಬೋದಾದ್ರೆ ಇದನ್ನ ಬಿಚ್ಚಿ ಬನ್ನಿ. ಇಲ್ಲಾಂದ್ರೆ ನೆರಳಲ್ಲಿ ಕೂತಿರಿ. ನನಗೇನೂ ಬೇಜಾರಿಲ್ಲ.”

ಬೇಜಾರಿಲ್ಲ ಎಂದದ್ದೇ ಅವನಿಗೆ ನಾಟಿತೆಂದು ಕಾಣುತ್ತದೆ. ಮಾವ ಎದ್ದು ದೋಣಿಯವನಿಗೆ ಬೆನ್ನು ತಿರುಗಿಸಿ, ಜಿಪ್ಪು ಎಳೆ ಎಂದ. ಒಳಹೋಗಲು ಇಬ್ಬರು ಸಾಕಾಗಿದ್ದ ಸೂಟಿನಿಂದ ಅವನನ್ನು ಹೊರತೆಗೆಯಲು ನಾಲ್ವರು ಬೇಕಾದರು. ಇಬ್ಬರು ಕಂಕುಳು ಹಿಡಿದರು, ಇಬ್ಬರು ಕಾಲು ಎಳೆದರು. ಹೊರಬಂದ ಮಾವ ಬನಿಯನ್ನು, ಚಡ್ಡಿಯಲ್ಲಿ ಮೊದಲಿಗಿಂತ ಸಣ್ಣವನಾಗಿ ಕಂಡ. ಎಲುಬುಗಳನ್ನು ಬಿಸಿಲು ಎಣಿಸುತ್ತಿತ್ತು. ಅಷ್ಟು ಜನರೆದುರು ಅವನು ಹಾಗೆ ನಿಂತದ್ದನ್ನು ನಾನೆಂದೂ ನೋಡಿರಲಿಲ್ಲ. ಅತ್ತೆ ತನ್ನ ಪೆಟ್ಟಿಗೆಯಿಂದ ಇನ್ನೊಂದು ಈಜಂಗಿ ತೆಗೆದು ಕೊಟ್ಟಳು: ತುಂಬುತೋಳಿನದು, ನೇರಳೆ ಬಣ್ಣ, ಎದೆಯ ಮೇಲೆ ಹಳದಿ ಹೂವು. ಬೆರಳಿಗೆ ಸಿಕ್ಕದಷ್ಟು ತೆಳು. ಮಾವ ತೊಟ್ಟ. ಸಡಿಲವೇ ಆಯಿತು.

ಮತ್ತೆ ಬೆನ್ನು ಹಿಂದಾಗಿ ಬಿದ್ದ. ನೀರು ಮುಚ್ಚಿಕೊಂಡಿತು. ಗುಳ್ಳೆಗಳ ಎರಡು ಸಾಲು ಪಕ್ಕಪಕ್ಕದಲ್ಲಿ ಮೇಲೆ ಬಂದು, ಮೆಲ್ಲಗೆ ದೋಣಿಯಿಂದ ದೂರ ಸರಿದವು.

ಕೆಳಗಿನದನ್ನು ನಾನು ನೋಡಿಲ್ಲ. ಅತ್ತೆ ಅದರ ಬಗ್ಗೆ ಹೇಳಿದ್ದು ನಾಲ್ಕು ಮಾತು, ಮಾವ ಹೇಳಿದ್ದು ನಾಲ್ಕು ವಾರ. ನೆಲದ ಮೇಲೆ ಮಂಡಿನೋವಿನಿಂದ ಮೆಟ್ಟಿಲು ಮೆಟ್ಟಿಲಿಗೂ ನಿಲ್ಲುವ ಅವಳು ಅಲ್ಲಿ ಹೊಗೆಯ ಹಾಗೆ ತಿರುಗುತ್ತಿದ್ದಳಂತೆ. ಅವನ ಮುಂಗೈ ಹಿಡಿದು, ಒಂದೊಂದು ಕಲ್ಲಿನ ಬಳಿಯೂ ನಿಲ್ಲಿಸಿ, ಯಾರದೋ ಮನೆ ತೋರಿಸುವಂತೆ ತೋರಿಸಿದಳಂತೆ. ಮೀನುಗಳು ಬಂದು ನೇರಳೆ ಅಂಗಿಯ ಹಳದಿ ಹೂವನ್ನು ಮೂಸಿ ಹೋದವಂತೆ. ಬಾಯಲ್ಲಿ ರಬ್ಬರಿದ್ದದ್ದರಿಂದ ಮಾವನಿಗೆ ಏನನ್ನೂ ಹೇಳಲಾಗಲಿಲ್ಲ. ಹೇಳಬೇಕೆಂದು ನೆನಪೂ ಆಗಲಿಲ್ಲ. ಚಳಿ? ಕೇಳಿದರೆ, ಯಾವ ಚಳಿ ಎನ್ನುತ್ತಾನೆ.

ಆದರೆ ಹೊಸಬರು ಗಾಳಿಯನ್ನು ಬೇಗ ಮುಗಿಸುತ್ತಾರೆ. ಗಾಳಿಯ ಮೀಟರಿನ ಮುಳ್ಳು ನೋಡಿ ಅತ್ತೆ ಮೇಲೆ ಹೋಗೋಣ ಎಂದು ಸನ್ನೆ ಮಾಡಿದಳು. ಮಾವ ಬೇಡವೆಂದು ತಲೆಯಾಡಿಸಿದ. ಮತ್ತೆ ಮಾಡಿದಳು. ಮಾವ ತನ್ನ ಕೈ ಬಿಡಿಸಿಕೊಂಡು, ಇನ್ನೊಂದು ಕಲ್ಲನ್ನು ತೋರಿಸಿದ. ಕೊನೆಗೆ ಅವಳು ಅವನು ತೊಟ್ಟಿದ್ದ ತನ್ನದೇ ಅಂಗಿಯ ಕುತ್ತಿಗೆಪಟ್ಟಿ ಹಿಡಿದು ಅವನನ್ನು ಮೇಲಕ್ಕೆ ತಂದಳು.

ನಾವು ಕಂಡದ್ದು ಅಲ್ಲಿಂದ. ಎರಡು ತಲೆಗಳು ನೀರಿನಿಂದ ಎದ್ದವು. ಮಾವ ಬಾಯಿಯ ರಬ್ಬರನ್ನು ಉಗುಳಿ, “ಯಾಕಿಷ್ಟು ಬೇಗ ತಂದೆ?” ಎಂದು ಜಗಳಕ್ಕೆ ನಿಂತ. ಅತ್ತೆ ಉತ್ತರ ಕೊಡಲು ಹೋದಳು, ಆಗಲಿಲ್ಲ. ನಗು ಬಂದಿತ್ತು. ಏಣಿ ಹಿಡಿದು ನಗುತ್ತ ನಗುತ್ತ ಉಪ್ಪು ನೀರು ಕುಡಿದು ಕೆಮ್ಮಿದಳು. ಅವಳು ಹಾಗೆ ನಕ್ಕದ್ದನ್ನು ತಾನು ಮೂರು ವರ್ಷದಲ್ಲಿ ಕೇಳಿಲ್ಲ ಎಂದು ದೋಣಿಯವನು ನನಗೆ ಹೇಳಿದ.

ದೋಣಿ ದಡದ ಕಡೆ ತಿರುಗಿತು. ಮಾವ ಹೂವಿನ ಅಂಗಿಯಲ್ಲೇ ಅವಳ ಪಕ್ಕ ಕೂತಿದ್ದ.

“ನಾಳೆಯಿಂದ ದೋಣಿ ಇಲ್ಲ ಅಲ್ವಾ?”

“ಇಲ್ಲ.”

“ಮತ್ತೆ ಶುರುವಾದಾಗ,” ಎಂದು ಮಾವ ಗಂಟಲು ಸರಿಮಾಡಿಕೊಂಡ, “ನೀನು ಕರೀಬೇಡ. ನಾನೇ ಕೇಳ್ತೀನಿ.”

ಅತ್ತೆ ಕ್ಯಾನಿನ ಸಿಹಿನೀರಲ್ಲಿ ತನ್ನ ಮಾಸ್ಕನ್ನು ತೊಳೆದಳು. ಆಮೇಲೆ ಅವನ ಮಡಿಲಲ್ಲಿದ್ದ ಮಾಸ್ಕನ್ನು ತೆಗೆದುಕೊಂಡು ಅದನ್ನೂ ತೊಳೆದು, ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದ ಟವೆಲಿನಿಂದ ಒರೆಸಿದಳು. ಪೆಟ್ಟಿಗೆಯಲ್ಲಿ ಜಾಗ ಕಡಿಮೆಯಿತ್ತು. ತನ್ನದನ್ನು ಒಂದು ಕಡೆಗೆ ಸರಿಸಿ, ಅದರ ಪಕ್ಕಕ್ಕೆ ಅವನದನ್ನು ಇಟ್ಟು, ಮುಚ್ಚಳ ಹಾಕಿದಳು.